ಬೆನ್ನಿನ ಮೇಲಿನ ಬಾಗಿಲು

ನಮ್ಮ ಪ್ರಯೋಗಾಲಯದ ಸಿಸ್ಸೆ ತನ್ನ ಅಪ್ಪನಿಗೆ ಮೊದಲೇ ಹೇಳಿಬಿಟ್ಟಿದ್ದಳು. ಎಡವಟ್ಟು ಶುರುವಾದದ್ದೇ ಅಲ್ಲಿಂದ. ವಿವರಣೆ ಬರೆದು ಮುಗಿದಿಲ್ಲ, ನಾನಿನ್ನೂ ಹೂಂ ಅಂದಿಲ್ಲ, ವಿಜ್ಞಾನ ಪತ್ರಿಕೆಗೆ ಕಳಿಸುವ ಮಾತಂತೂ ದೂರವೇ ಉಳಿಯಿತು. ಅಷ್ಟರಲ್ಲಿ ಇವಳು ಫೋನ್ ಮಾಡಿ, "ಅಪ್ಪಾ, ಹೊಸ ಪ್ರಭೇದ ಒಂದು ಸಿಕ್ಕಿದೆ, ನಿನ್ನ ಹೆಸರೇ ಇಡ್ತೀನಿ" ಅಂದುಬಿಟ್ಟಿದ್ದಾಳೆ. ಅವಳಪ್ಪ ಐನಾರ್ ಲಿಮ್‌ಫ್ಯೋರ್ಡ್ ಕೊಲ್ಲಿಯಲ್ಲಿ ಚಿಪ್ಪುಮೀನು ಹಿಡಿಯುವವನು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅಂಥವನು ಬಂದರಿನ ಕಾಫಿ ಶೆಡ್ಡಿನಲ್ಲಿ ಕೂತವರಿಗೆಲ್ಲ, ಕೋಟಿಗಟ್ಟಲೆ ವರ್ಷ ಹಳೆಯ ಜೀವಿಗೆ ನನ್ನ ಹೆಸರಿಡುತ್ತಾರೆ ಅಂತ ಹೇಳಿಕೊಂಡು ಬಂದನಂತೆ. ಬಂದರಿನವರು ಬಿಡುತ್ತಾರಾ. ಮಾರನೆಯ ದಿನ ಅವನ ದೋಣಿಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಡೈನೋಸಾರ್ ಚಿತ್ರ ಬರೆದಿಟ್ಟಿದ್ದರು.

ಡೈನೋಸಾರ್ ಅಲ್ಲ ಮಾರಾಯರೇ. ಈ ಕೆಲಸಕ್ಕೆ ಸೇರಿದಾಗಿನಿಂದ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ, ಸ್ವಂತ ಅಕ್ಕನಿಗೇ ಇನ್ನೂ ತಲೆಗೆ ಹೋಗಿಲ್ಲ. ಡೈನೋಫ್ಲಾಜೆಲೇಟ್ ಅಂದರೆ ಸಮುದ್ರದಲ್ಲಿ ತೇಲುವ, ಬರಿಗಣ್ಣಿಗೆ ಕಾಣದ, ಒಂದೇ ಕೋಶದ ಜೀವಿ. ಕಾಲ ಕೆಟ್ಟಾಗ ಅವುಗಳಲ್ಲಿ ಕೆಲವು ತಮ್ಮ ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡು ತಳಕ್ಕಿಳಿದು ಮಲಗುತ್ತವೆ. ಆ ಗೋಡೆಯನ್ನೇ ನಾವು ಸಿಸ್ಟ್ ಅನ್ನುವುದು. ಕಾಲ ನೆಟ್ಟಗಾದ ಮೇಲೆ ಗೋಡೆಯಲ್ಲಿ ಒಂದು ಬಾಗಿಲು ತೆಗೆದು ಜೀವ ಹೊರಟುಹೋಗುತ್ತದೆ, ಖಾಲಿ ಗೋಡೆ ಜೇಡಿಮಣ್ಣಿನಲ್ಲಿ ಉಳಿಯುತ್ತದೆ. ಬಾಗಿಲು ಎಲ್ಲಿದೆ, ಗೋಡೆಯ ಎಷ್ಟು ಫಲಕ ಸೇರಿ ಆಗಿದೆ ಅನ್ನುವುದನ್ನು ನೋಡಿಯೇ ಅದು ಯಾವ ಕುಲದ್ದು, ಅಂದರೆ ಹತ್ತಿರದ ಪ್ರಭೇದಗಳ ಯಾವ ಮನೆತನದ್ದು ಅಂತ ತೀರ್ಮಾನ ಮಾಡುವುದು. ಬಾಗಿಲೇ ಕಾಣದಿದ್ದರೆ ಅದು ಡೈನೋಫ್ಲಾಜೆಲೇಟ್ ಹೌದೋ ಅಲ್ಲವೋ ಅಂತಲೂ ಧೈರ್ಯವಾಗಿ ಹೇಳುವ ಹಾಗಿಲ್ಲ. ಅಂಥವನ್ನೆಲ್ಲ 'ಮೂಲ ಗೊತ್ತಿಲ್ಲ' ಅನ್ನುವ ಗುಂಪಿಗೆ ತಳ್ಳುತ್ತೇವೆ. ನಮ್ಮ ಪ್ರಯೋಗಾಲಯದಲ್ಲಿ ಆ ಗುಂಪಿಗೆ ಅನಾಥಾಲಯ ಅಂತ ಹೆಸರು.

ಸಿಸ್ಸೆಗೆ ಸಿಕ್ಕಿದ್ದರಲ್ಲಿ ಬಾಗಿಲು ತೆರೆದಿತ್ತು. ಬೆನ್ನಿನ ಮೇಲೆ, ಬಡಗಿ ಅಳತೆ ಹಿಡಿದು ಕೊಯ್ದ ಹಾಗೆ, ಅಷ್ಟು ಚೊಕ್ಕ. ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನನ್ನ ಬಾಯಿಂದ ಬಿದ್ದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಆ ಮಣ್ಣು ಸಿಕ್ಕಿದ್ದು ನೀರಿನ ಕಡೆಯಿಂದ ಮಾತ್ರ ಮುಟ್ಟಬಹುದಾದ ಒಂದು ಕಡಿದಾದ ದಡದಲ್ಲಿ. ಅವಳು ಅಗೆಯುತ್ತಿದ್ದಷ್ಟು ಹೊತ್ತೂ ಐನಾರ್ ಗಾಳಿಗೆ ಎದುರಾಗಿ ದೋಣಿ ಹಿಡಿದು ನಿಲ್ಲಿಸಿದ್ದನಂತೆ, ಯಾಕೆ ಏನು ಅಂತ ಒಂದು ಮಾತೂ ಕೇಳದೆ. ಅದಕ್ಕೇ ಅಪ್ಪನ ಹೆಸರು. ಸಿಸ್ಸೆ ವರ್ಷಗಟ್ಟಲೆ ಬೇರೆಯವರ ಸಿಸ್ಟ್‌ಗಳನ್ನು ಎಣಿಸಿಕೊಟ್ಟವಳು, ತನ್ನದು ಅಂತ ಹೇಳಿಕೊಳ್ಳಲು ಒಂದು ಪ್ರಭೇದವೂ ಇರಲಿಲ್ಲ. ಈಗ ಒಂದು ಬಂದಿದೆ. ಆದರೆ ಅದು ಹೊಸದಾಗಿರಬೇಕು. ಹಿಂದೆ ಯಾರಾದರೂ ಅದಕ್ಕೆ ಹೆಸರಿಟ್ಟಿದ್ದರೆ ಆ ಹಳೆಯ ಹೆಸರೇ ಉಳಿಯುವುದು, ಐನಾರನ ಹೆಸರು ಹಾಗೇ ಅಳಿಸಿಹೋಗುತ್ತದೆ. ನಮ್ಮ ವಿದ್ಯೆಯಲ್ಲಿ ಆ ನಿಯಮಕ್ಕೆ ಯಾರ ಮುಲಾಜೂ ಇಲ್ಲ.

ನಾನು ಬೋಡಿಲ್. ಆ ಪ್ರಯೋಗಾಲಯದ ಯಜಮಾನಿಕೆ ನನ್ನದು, ಹಾಗಂತ ಯಾರೂ ನನ್ನ ಮಾತು ಕೇಳುತ್ತಾರೆ ಅಂತಲ್ಲ.

ನಮ್ಮಲ್ಲಿ ಹೊಸ ವಿವರಣೆ ಯಾರದೇ ಇರಲಿ, ಶುಕ್ರವಾರದ ಬೆಳಗಿನ ತಿಂಡಿಯ ಮೇಜನ್ನು ದಾಟಿಯೇ ಹೋಗಬೇಕು. ಬೇಕರಿಯ ಗುಂಡು ಬ್ರೆಡ್ಡು, ಕಚ್ಚಿದರೆ ಹಲ್ಲಿನ ಗುರುತು ಮೂಡುವಷ್ಟು ದಪ್ಪ ಬೆಣ್ಣೆ, ಚೀಸು, ಕಾಫಿ. ಬರೆದವರು ವಿವರಣೆಯನ್ನು ಗಟ್ಟಿಯಾಗಿ ಓದಬೇಕು, ಫೋಟೋ ತೋರಿಸುವ ಹಾಗಿಲ್ಲ. ಉಳಿದವರು ಬರೀ ಕೇಳಿಸಿಕೊಂಡು, ಬ್ರೆಡ್ಡು ಬಂದ ಕಾಗದದ ಚೀಲ ಹರಿದು ಅದರ ಮೇಲೆ ಚಿತ್ರ ಬರೆಯಬೇಕು. ಚಿತ್ರಗಳು ಸಿಸ್ಟ್‌ನ ಹಾಗೆ ಬಂದರೆ ವಿವರಣೆ ಪಾಸು. ಕೋಸುಗಡ್ಡೆಯ ಹಾಗೆ ಬಂದರೆ ಬರೆದವರು ಮತ್ತೆ ಕೂತು ಬರೆಯಬೇಕು. ಆಮೇಲೆ ಎಲ್ಲ ಚಿತ್ರಗಳನ್ನೂ ಕಾಫಿ ಮೆಷಿನ್ ಪಕ್ಕದ ಹಲಗೆಗೆ ಚುಚ್ಚುತ್ತೇವೆ, ಅದು ಗೌರವಕ್ಕೋ ಅವಮಾನಕ್ಕೋ ಅವರವರ ಹಣೆಬರಹ.

ಈ ಪದ್ಧತಿ ಶುರುಮಾಡಿದ್ದು ಆಸ್ಗರ್. ನನಗೆ ಕೆಲಸ ಕಲಿಸಿದವನು ಅವನೇ. ನಿವೃತ್ತನಾಗಿ ಎಷ್ಟೋ ಕಾಲವಾಗಿದ್ದರೂ ದಿನಾ ಬರುತ್ತಾನೆ, ಹೆಂಡತಿ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಒಪ್ಪುವುದಿಲ್ಲ ಅಂತ ಅವನ ಸಬೂಬು. ಈಗ ಅವನ ಕಣ್ಣು ಹೋಗುತ್ತಿದೆ. ನೋಟದ ನಟ್ಟನಡುವೆ ಬೂದು ಮಚ್ಚೆ, ಅಂಚು ಮಾತ್ರ ಉಳಿದಿದೆ. ನಿಮ್ಮ ಮುಖ ನೋಡಬೇಕಾದರೆ ಅವನು ನಿಮ್ಮ ಕಿವಿಯ ಆಚೆ ಎಲ್ಲೋ ನೋಡುತ್ತಾನೆ. ಮೈಕ್ರೋಸ್ಕೋಪ್ ಮುಟ್ಟುವುದನ್ನು ಬಿಟ್ಟಾಯಿತು. ಸಿಟ್ಟು ಮಾತ್ರ ಹಾಗೇ ಇದೆ. ಕೋಪನ್‌ಹೇಗನ್ನಿನವನೊಬ್ಬ ಒಮ್ಮೆ ಇವನ ಪ್ರಭೇದ ಒಂದನ್ನು ಬೇರೆ ಕುಲಕ್ಕೆ ವರ್ಗ ಮಾಡಿದ. ಹಾಗೆ ಮಾಡಿದಾಗ ಮೊದಲು ಹೆಸರಿಟ್ಟವನ ಹೆಸರು ಬ್ರಾಕೆಟ್ಟಿನೊಳಗೆ ಹೋಗುತ್ತದೆ, ವರ್ಗ ಮಾಡಿದವನ ಹೆಸರು ಅದರ ಹೊರಗೆ ಕೂರುತ್ತದೆ. ಅಷ್ಟಕ್ಕೇ ಆಸ್ಗರ್ ಆ ಮನುಷ್ಯನ ಜೊತೆ ಮಾತು ಬಿಟ್ಟವನು, ಆ ಮನುಷ್ಯ ಸಾಯುವ ತನಕ ಆಡಲಿಲ್ಲ. ನಮ್ಮಲ್ಲಿ ಯಾರೂ ಅವನೆದುರು ಬ್ರಾಕೆಟ್ ಅನ್ನುವ ಮಾತೆತ್ತುವುದಿಲ್ಲ.

ಆ ಶುಕ್ರವಾರ ಮೇಜಿನ ಸುತ್ತ ನಾನು, ಆಸ್ಗರ್, ಮತ್ತೆ ಕ್ರೆಸ್ಟನ್ ಇದ್ದೆವು. ಕ್ರೆಸ್ಟನ್ ಕಲ್ಲನ್ನು ಆಸಿಡ್ಡಿನಲ್ಲಿ ಕರಗಿಸಿ ಸಿಸ್ಟ್‌ಗಳನ್ನು ಬಿಡಿಸಿಕೊಡುವವನು. ಸಿಸ್ಸೆ ನಿಂತುಕೊಂಡು ಓದಿದಳು.

"ದೇಹ ಗುಂಡಗೆ, ಮೇಲಿನಿಂದ ಸ್ವಲ್ಪ ಅದುಮಿದಂತಿದೆ. ಗೋಡೆ ಎರಡು ಪದರ. ಮೈಮೇಲೆ ಟೊಳ್ಳು ಮುಳ್ಳುಗಳು, ತುದಿ ಕವಲೊಡೆದಿದೆ. ಸೊಂಟದ ಸುತ್ತ ಮುಳ್ಳಿಲ್ಲದ ಪಟ್ಟಿ. ಬುಡದಲ್ಲಿ ಒಂದು ಮುಳ್ಳು ಉಳಿದವಕ್ಕಿಂತ ದಪ್ಪ, ಎಡಕ್ಕೆ ಬಾಗಿದೆ."

"ಯಾರ ಎಡ?" ಕ್ರೆಸ್ಟನ್ ಬಾಯಿತುಂಬ ಬ್ರೆಡ್ಡಿಟ್ಟುಕೊಂಡೇ ಕೇಳಿದ. "ನಂದಾ, ಅದರದಾ?"

"ಅದರದು. ನಿನ್ನ ಎಡಬಲ ಕಟ್ಕೊಂಡು ಯಾರಿಗೆ ಏನಾಗಬೇಕು," ಅಂದೆ ನಾನು.

"ಕೇಳಿದ್ದೇ ತಪ್ಪಾಯ್ತಾ."

"ಬೆನ್ನಿನ ಮೇಲೆ, ಸೊಂಟಕ್ಕಿಂತ ಮೇಲೆ ಬಾಗಿಲು," ಸಿಸ್ಸೆ ಮುಂದುವರಿಸಿದಳು. "ಅಕ್ಕಪಕ್ಕದ ಎರಡು ಫಲಕ ಸೇರಿ ಒಂದೇ ಮುಚ್ಚಳ."

ಆಸ್ಗರ್ ಕಣ್ಣು ಮುಚ್ಚಿಕೊಂಡು ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದ. ಕಣ್ಣು ಬಿಟ್ಟರೂ ಮುಚ್ಚಿದರೂ ಈಗ ಒಂದೇ, ಮುಚ್ಚಿದರೆ ಕಾಫಿ ವಾಸನೆಯಾದರೂ ಚೆನ್ನಾಗಿ ಬರುತ್ತೆ ಅನ್ನುತ್ತಾನೆ. ಓದು ಮುಗಿಯಿತು, ಚಿತ್ರಗಳನ್ನು ಮಧ್ಯಕ್ಕೆ ತಳ್ಳಿದೆವು. ಕ್ರೆಸ್ಟನ್‌ದು ಎಂದಿನಂತೆ ಮೊಳಕೆ ಬಂದ ಆಲೂಗಡ್ಡೆ. ನನ್ನದು ಪರವಾಗಿಲ್ಲ. ಆಸ್ಗರ್‌ನದು ಎಲ್ಲರಿಗಿಂತ ಚೆನ್ನಾಗಿತ್ತು, ಆದರೆ ಬುಡದ ಆ ದಪ್ಪ ಮುಳ್ಳಿನ ಮೇಲೆ ಅವನು ಮೊಣಕಾಲಿನ ಚಿಪ್ಪಿನ ಹಾಗೆ ಒಂದು ಗಂಟು ಹಾಕಿದ್ದ.

"ಈ ಗಂಟು ಎಲ್ಲಿಂದ ಬಂತು?" ಅಂದೆ. "ಅವಳು ಗಂಟಿನ ಮಾತೇ ಎತ್ತಲಿಲ್ಲ."

"ಯಾವ ಗಂಟು?" ಕಾಗದವನ್ನು ಕಣ್ಣಂಚಿಗೆ ತಂದು ನೋಡಿಕೊಂಡ. "ಹಾಕಿದ್ದೀನಾ? ಕೈ ಜಾರಿರಬೇಕು. ಮುದುಕನ ಕೈ."

ಆಮೇಲೆ ಪದ್ಧತಿಯಂತೆ ಸಿಸ್ಸೆ ಗೋಡೆಯ ಪರದೆ ಮೇಲೆ ಫೋಟೋ ಹಾಕಿದಳು. ಬುಡದ ದಪ್ಪ ಮುಳ್ಳಿನ ಮೇಲೆ ಗಂಟು ಇತ್ತು.

ಅದು ಇರುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮಣ್ಣಿನ ಭಾರಕ್ಕೆ ಮುಳ್ಳು ನಲುಗಿ ಹಾಗಾಗಿದೆ ಅಂದುಕೊಂಡು ವಿವರಣೆಯಲ್ಲಿ ಬಿಟ್ಟಿದ್ದೆವು. ಈಗ ಕಣ್ಣು ಕಾಣದವನೊಬ್ಬ, ಯಾರೂ ಓದದ ಗಂಟನ್ನು, ಅದೇ ಜಾಗದಲ್ಲಿ ಬರೆದು ಕೂತಿದ್ದಾನೆ. ಆ ಕೈ ಈ ಸಿಸ್ಟನ್ನು ಹಿಂದೆ ಯಾವಾಗಲೋ ಬರೆದಿದೆ, ಅಂದರೆ ಹೆಸರೂ ಇಟ್ಟಿರಬಹುದು. ಕ್ರೆಸ್ಟನ್ ಇನ್ನೊಂದು ಬ್ರೆಡ್ಡಿಗೆ ಬೆಣ್ಣೆ ಸವರುವುದರಲ್ಲಿದ್ದ, ಅವನಿಗೇನೂ ತಿಳಿಯಲಿಲ್ಲ. ಆಸ್ಗರ್‌ಗೆ ಅಷ್ಟು ದೂರದಿಂದ ಪರದೆ ಕಾಣುವುದಿಲ್ಲ. ಸಿಸ್ಸೆ ಮಾತ್ರ ಬಿಳಿಚಿಕೊಂಡು ನಿಂತಿದ್ದಳು. "ವಿವರಣೆ ಚೆನ್ನಾಗಿದೆ ಹುಡುಗಿ, ಆಲೂಗಡ್ಡೆಯವನೊಬ್ಬನನ್ನ ಬಿಟ್ಟು ಎಲ್ಲರಿಗೂ ಬಂತಲ್ಲ," ಅಂದ ಆಸ್ಗರ್. ಅವಳು ಪರದೆಯ ಫೋಟೋ ಆರಿಸಿಬಿಟ್ಟಳು.

ಮಧ್ಯಾಹ್ನ ಕಾಫಿಗೆ ಹೋದಾಗ ಹಲಗೆ ಮೇಲೆ ನನ್ನ ಚಿತ್ರ ಇತ್ತು, ಆಲೂಗಡ್ಡೆ ಇತ್ತು. ಆಸ್ಗರ್‌ನದು ಇರಲಿಲ್ಲ.

ಮೈಯೆಲ್ಲ ಉರಿದುಹೋಯಿತು ನನಗೆ. ಕದ್ದು ಮುಚ್ಚಿಡುವ ಬುದ್ಧಿ ಇವಳಿಗೆ ಎಲ್ಲಿಂದ ಬಂತು ಅಂತ ಶನಿವಾರ ಪೂರ್ತಿ ಅಂಗಳದ ಕಳೆ ಕಿತ್ತೆ, ಕಳೆಯ ಜೊತೆ ಒಳ್ಳೆ ಗಿಡವನ್ನೂ ಕಿತ್ತೆ. ಆಸ್ಗರ್‌ನ ಹಳೆಯ ಪ್ರಬಂಧಗಳು ನನ್ನ ಕಪಾಟಿನಲ್ಲೇ ಇವೆ, ತೆಗೆದು ನೋಡಬಹುದಿತ್ತು. ತೆಗೆಯಲಿಲ್ಲ. ನೋಡಿದರೆ ನಾನೇ ಹೇಳಬೇಕಾಗುತ್ತಿತ್ತು. ಅವಳೇ ಹೇಳಲಿ ಅಂತ ನನ್ನ ಹಟ. ಹೇಳದಿದ್ದರೆ ಏನು ಮಾಡುವುದು ಅಂತಲೂ ಯೋಚಿಸಿ ಯೋಚಿಸಿ ತಲೆ ಕೆಟ್ಟು ಮೊಸರಾಯಿತು.

ಸೋಮವಾರ ಚೆನ್ನಾಗಿ ಉಗಿಯಬೇಕು ಅಂತಲೇ ಅವಳ ಕೋಣೆಗೆ ಹೋದೆ. ಅವಳು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದಳು, ಪಕ್ಕದಲ್ಲಿ ಆಸ್ಗರ್‌ನ ಚಿತ್ರ. ಅಂಚು ಹಳದಿಗಟ್ಟಿದ ಹಳೇ ಸ್ಲೈಡೊಂದು ಲೆನ್ಸಿನ ಕೆಳಗಿತ್ತು.

"ಹಲಗೆ ಮೇಲಿಂದ ಅದನ್ನ ಯಾಕೆ ಕಿತ್ತೆ?" ಅಂದೆ.

"ಖಾತ್ರಿ ಆಗೋವರೆಗೂ ಅವನಿಗೆ ಗೊತ್ತಾಗೋದು ಬೇಡ ಅಂತ. ಇಲ್ಲದ ಆಸೆ ಹುಟ್ಟಿಸಿ, ಆಮೇಲೆ ಅಲ್ಲ ಅಂದ್ರೆ? ಕೂತ್ಕೋ ಬೋಡಿಲ್. ನೀನೇ ನೋಡು."

ಎರಡು ದಿನ ಕಾಯಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಬಾಯಲ್ಲೇ ಆರಿಹೋಯಿತು. ಕೂತು ನೋಡಿದೆ.

ಆಸ್ಗರ್ ಚಿಕ್ಕ ವಯಸ್ಸಿನಲ್ಲಿ ಹೆಸರಿಟ್ಟ ಪ್ರಭೇದ ಅದು, ಅವನ ಮೊಟ್ಟಮೊದಲನೆಯದು. ಸಿಕ್ಕಿದ್ದು ಒಂದೇ ಒಂದು, ಹೊಟ್ಟೆ ಮೇಲಾಗಿ ಸ್ಲೈಡಿಗೆ ಅಂಟಿಕೊಂಡಿದ್ದದ್ದು. ಬಾಗಿಲು ಕಾಣಲಿಲ್ಲ. ಹಾಗಾಗಿ ಅವನೇ ತನ್ನ ಕೈಯಾರೆ ಅದನ್ನು ಅನಾಥಾಲಯಕ್ಕೆ ಸೇರಿಸಿದ್ದ, ಅಲ್ಲಿಂದೀಚೆಗೆ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಬುಡದ ಮುಳ್ಳಿನ ಮೇಲೆ ಗಂಟು ಸ್ಪಷ್ಟವಾಗಿತ್ತು. ಫೋಕಸ್ಸನ್ನು ಮೆಲ್ಲಗೆ ಕೆಳಕ್ಕಿಳಿಸುತ್ತಾ ಹೋದೆ, ಹೊಟ್ಟೆ ದಾಟಿ, ಟೊಳ್ಳು ದಾಟಿ, ಆಚೆ ಬದಿಯ ಬೆನ್ನಿನ ಗೋಡೆ ಬರುವ ತನಕ. ಅಲ್ಲಿ ಕೂದಲಿಗಿಂತ ಸಣ್ಣ ಒಂದು ಗೆರೆ, ಎರಡು ಫಲಕವನ್ನು ಸುತ್ತಿಕೊಂಡು ಬಂದು ತಾನೇ ಸೇರಿಕೊಂಡಿತ್ತು. ಮುಚ್ಚಿದ ಬಾಗಿಲಿನ ಸಂದು ಅದು.

"ಎರಡೂ ಒಂದೇ," ಅಂದಳು ಸಿಸ್ಸೆ.

ಆಗ ನನಗೆ ಏನಾಯಿತೋ. ಶನಿವಾರವೆಲ್ಲ ಸತ್ಯ ಸತ್ಯ ಅಂತ ಕುದಿದವಳು, ಈಗ ಆ ಹುಡುಗಿಯ ಮುಖ ನೋಡಿ ಪ್ಲೇಟು ತಿರುಗಿಸಿದೆ. "ಮುಳ್ಳಿನ ತುದಿ ನೋಡು. ನಿನ್ನದು ಕವಲೊಡೆದಿದೆ, ಅವನದು ಮೊಂಡು."

"ಮೊಂಡಲ್ಲ, ಮುರಿದಿದೆ. ಬಲಗಡೆ ಒಂದು ಮುರೀದೆ ಉಳಿದಿದೆ, ನೋಡು, ಕವಲಿದೆ."

"ಗಾತ್ರನೂ ಸ್ವಲ್ಪ ಚಿಕ್ಕದು."

"ಬೋಡಿಲ್."

"ಇದಕ್ಕಿಂತ ಕಮ್ಮಿ ವ್ಯತ್ಯಾಸ ಇಟ್ಕೊಂಡು ಹೊಸ ಪ್ರಭೇದ ಮಾಡಿದವರನ್ನ ನಾನು ಕಂಡಿದ್ದೀನಿ."

"ಕಂಡು ಅವರನ್ನ ಏನಂತ ಬೈತಿದ್ದೆ?"

ಕಳ್ಳರು ಅಂತ ಬೈಯುತ್ತಿದ್ದೆ. ಅದು ಅವಳಿಗೆ ಚೆನ್ನಾಗಿ ಗೊತ್ತು, ಕಲಿಸಿದ್ದೇ ನಾನು. ಸಿಸ್ಸೆ ಅಳಲಿಲ್ಲ, ಸ್ಲೈಡನ್ನು ಎತ್ತಿ ಡಬ್ಬಿಗೆ ಹಾಕಿದಳು. "ಅಪ್ಪ ಬಂದರಿನ ತುಂಬ ಹೇಳ್ಕೊಂಡಿದ್ದಾನೆ. ಜನ್ಮದಲ್ಲಿ ಒಂದು ಸಲ ಜಂಬ ಪಟ್ಟ ಮನುಷ್ಯ. ಅವನಿಗೆ ಏನಂತ ಹೇಳ್ಲಿ?"

ನನಗೆ ಅವಳ ಮೇಲೆ ಎಷ್ಟು ಹೆಮ್ಮೆಯಾಯಿತು ಅಂದರೆ, ಅದು ಮುಖದಲ್ಲಿ ಕಾಣದಿರಲಿ ಅಂತ, "ಅಳೋದು ಆಮೇಲೆ. ಬಾಗಿಲು ಸಿಕ್ಕ ಮೇಲೆ ಇದು ಅನಾಥಾಲಯದಲ್ಲಿ ಇರೋ ಹಾಗಿಲ್ಲ. ಯಾವ ಕುಲಕ್ಕೆ ಸೇರುತ್ತೆ ಹುಡುಕು," ಅಂತ ಗದರಿದೆ.

ಹುಡುಕಿದೆವು. ಕುಲದ ಪ್ರಶ್ನೆಯನ್ನು ಆವರೆಗೆ ಕೊನೆಗೆ ಇಟ್ಟಿದ್ದೆವು, ಈಗ ನಾನು ಒಂದು ಕಡೆಯಿಂದ, ಅವಳು ಇನ್ನೊಂದು ಕಡೆಯಿಂದ. ಮುಳ್ಳು ಹೊಂದಿದ ಕುಲದಲ್ಲಿ ಬಾಗಿಲು ತಲೆಯ ಮೇಲಿತ್ತು. ಬಾಗಿಲು ಹೊಂದಿದ ಕುಲಕ್ಕೆ ಗೋಡೆ ಒಂದೇ ಪದರ. ಒಂದು ಕುಲ ಎಲ್ಲದಕ್ಕೂ ಹೊಂದುವ ಹಾಗೆ ಕಂಡು ಇಬ್ಬರೂ ಕುರ್ಚಿಯಿಂದ ಎದ್ದೆವು, ಆದರೆ ಅದರ ಮುಚ್ಚಳ ಎರಡು ತುಂಡಾಗಿ ಬೀಳುವಂಥದ್ದು, ಇದರದು ಒಂದೇ ತುಂಡು. ಮತ್ತೆ ಕೂತೆವು. ವಾರದ ಕೊನೆಗೆ ನೋಡಬೇಕಾದ ಕುಲ ಯಾವುದೂ ಉಳಿದಿರಲಿಲ್ಲ. ಸಿಸ್ಸೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕುಲವೇ ಹೊಸದು. ಪ್ರಭೇದ ಆಸ್ಗರ್‌ನದು, ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಆದರೆ ಅದನ್ನು ಇಡುವುದಕ್ಕೆ ಹೊಸದೊಂದು ಕುಲ ಕಟ್ಟಬೇಕು, ಕಟ್ಟಿದವರೇ ಅದಕ್ಕೆ ಹೆಸರಿಡುವುದು.

"ಆದ್ರೆ ಅವನ ಹೆಸರು ಬ್ರಾಕೆಟ್‌ಗೆ ಹೋಗುತ್ತೆ," ಅಂದಳು ಮೆಲ್ಲಗೆ.

"ಹೋಗುತ್ತೆ."

"ನೀನು ಹೇಳ್ತೀಯಾ ಅವನಿಗೆ?"

"ನನಗೇನು ಹುಚ್ಚಾ? ನೀನೇ ಹೇಳು."

ಆಸ್ಗರ್‌ನನ್ನು ಕರೆತಂದು ಪರದೆಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ ಕೂರಿಸಿದೆವು. ಕ್ರೆಸ್ಟನ್ ವಾಸನೆ ಹಿಡಿದು ಬಂದು ಬಾಗಿಲಲ್ಲಿ ನಿಂತ. ಸಿಸ್ಸೆ ಮೊದಲು ಆಸ್ಗರ್‌ನ ಹಳೆಯ ಸಿಸ್ಟನ್ನು ದೊಡ್ಡದಾಗಿ ಹಾಕಿದಳು. ಆಸ್ಗರ್ ಕಿಟಕಿಯ ಕಡೆ ಮುಖ ತಿರುಗಿಸಿದ, ಅಂಚಿನಿಂದ ನೋಡುವುದಕ್ಕೆ.

"ಇದು ನಂದಲ್ಲವಾ," ಅಂದ. "ಬುಡದಲ್ಲಿ ಗಂಟಿದೆ. ನನ್ನ ಮೊದಲನೇದು. ಇದನ್ನ ಯಾಕೆ ತೆಗೆದ್ರಿ? ಪಾಪ, ಮೂಲೇಲಿ ಮಲಗಿತ್ತು."

ಸಿಸ್ಸೆ ಪಕ್ಕಕ್ಕೆ ತನ್ನದನ್ನು ಹಾಕಿದಳು. ಅವನು ತಲೆಯನ್ನು ಅತ್ತ ಇತ್ತ ಸ್ವಲ್ಪ ಸ್ವಲ್ಪವೇ ಆಡಿಸುತ್ತಾ, ಒಂದೊಂದು ಮುಳ್ಳನ್ನೂ ಅಂಚಿಗೆ ತಂದುಕೊಂಡು ನೋಡಿದ.

"ಅದೇ ಇದು," ಅಂದ. "ಬಾಗಿಲು ತೆಗೆದಿದೆ."

"ಹೂಂ."

"ಹೊರಗೆ ಹೋಗಿದೆ."

"ಹೋಗಿದೆ ಆಸ್ಗರ್. ಬೆನ್ನಿನಿಂದ."

ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಸೀಟಿದ, ದೊಡ್ಡ ಶಬ್ದ ಮಾಡಿ. "ನಂದು ಒಳಗೇ ಸತ್ತಿತ್ತು. ಇದರ ಜಾತಿಯವು ಒಂದಾದ್ರೂ ಹೊರಗೆ ಬಂದಿತ್ತಾ ಅಂತ ಎಷ್ಟು ವರ್ಷ ಯೋಚನೆ ಮಾಡಿದ್ದೀನಿ ಗೊತ್ತಾ." ಆಮೇಲೆ ದನಿ ಬದಲಾಯಿಸಿ, "ಹಾಗಾದ್ರೆ ನಿನ್ನ ಹೊಸ ಪ್ರಭೇದ ಹೋಯ್ತಲ್ಲ ಹುಡುಗಿ. ಅಪ್ಪನ ಹೆಸರು ಇಡೋಳಿದ್ದೆ," ಅಂದ. ಅವನಿಗೆ ಅದು ಹೊಳೆಯುತ್ತದೆ ಅಂತ ನಾನು ಎಣಿಸಿರಲಿಲ್ಲ.

"ಹೋಯ್ತು. ಆದ್ರೆ ಇರೋ ಯಾವ ಕುಲಕ್ಕೂ ಇದು ಹೊಂದಲ್ಲ."

"ಹೊಂದದಿದ್ರೆ ಹೊಸದು ಮಾಡು. ಅದಕ್ಕೆ ನನ್ನ ಅಪ್ಪಣೆ ಯಾಕೆ?"

ಸಿಸ್ಸೆ ಅವನ ಪಕ್ಕಕ್ಕೆ ಕುರ್ಚಿ ಎಳೆದು ಕೂತಳು. "ಮಾಡಿದ್ರೆ ನಿನ್ನ ಹೆಸರು ಬ್ರಾಕೆಟ್ ಒಳಗೆ ಹೋಗುತ್ತೆ."

ಕ್ರೆಸ್ಟನ್ ಮೆಲ್ಲಗೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.

"ಹೊರಗೆ ಯಾರ ಹೆಸರು?" ಕೇಳಿದ ಆಸ್ಗರ್.

"ನಂದು."

"ಹಾಕು." ಅವನು ಅವಳ ಕಡೆ, ಅಂದರೆ ಅವಳ ಕಿವಿಯ ಆಚೆ, ತಿರುಗಿದ. "ಆ ಕೋಪನ್‌ಹೇಗನ್ನಿನವನು ಹಾಕಿದಾಗ ನನಗೆ ಸಿಟ್ಟು ಬಂದದ್ದು ಬ್ರಾಕೆಟ್‌ಗೆ ಅಂದ್ಕೊಂಡ್ರಾ ಎಲ್ಲರೂ? ಅವನು ಸಿಸ್ಟನ್ನ ನೋಡದೇನೇ ವರ್ಗ ಮಾಡಿದ್ದ. ನೀನು ನೋಡಿ ಮಾಡ್ತಿದ್ದೀಯ. ಹಾಕು, ಗಟ್ಟಿಯಾಗಿ ಹಾಕು, ಮತ್ತೆ ಯಾರೂ ಅಲ್ಲಾಡಿಸದ ಹಾಗೆ."

ಇಷ್ಟು ಕಾಲ ಒಬ್ಬ ಮನುಷ್ಯನ ಸಿಟ್ಟಿನ ಕಾರಣ ಕೇಳದೆ ಅವನ ಸುತ್ತ ತುದಿಗಾಲಲ್ಲಿ ಓಡಾಡಿದ ನಮ್ಮ ದಡ್ಡತನಕ್ಕೆ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕ್ರೆಸ್ಟನ್ ಮಾತ್ರ, "ಹಾಗಾದ್ರೆ ಬ್ರಾಕೆಟ್ ಅನ್ನಬಹುದಾ ಇನ್ಮೇಲೆ?" ಅಂತ ಕೇಳಿ ಆಸ್ಗರ್ ಕೈಲಿ ಬೈಸಿಕೊಂಡ.

ಸಿಸ್ಸೆ ಅಪ್ಪನಿಗೆ ಫೋನ್ ಮಾಡಿದ್ದು ಅಲ್ಲೇ, ನಮ್ಮೆದುರಿಗೇ, ಧೈರ್ಯ ಹೋಗುವ ಮುಂಚೆ. ಐನಾರ್ ದೋಣಿಯಲ್ಲಿದ್ದ. ಇಂಜಿನ್ ಸದ್ದಿಗೆ ಅವನು ಕೂಗಿ ಮಾತಾಡುತ್ತಿದ್ದದ್ದು ನಮಗೆಲ್ಲ ಕೇಳಿಸುತ್ತಿತ್ತು.

"ಅಪ್ಪಾ, ಅದು ಹೊಸದಲ್ಲ. ಹಿಂದೇನೇ ಹೆಸರಿಟ್ಟಿದ್ರು. ಆ ಹೆಸರೇ ಇರಬೇಕು."

ಇಂಜಿನ್ ನಿಂತಿತು. "ಸರಿ," ಅಂದ ಐನಾರ್. ಆಮೇಲೆ, "ಪರವಾಗಿಲ್ಲಮ್ಮ. ಬಂದರಿನವರಿಗೆ ನಾನೇ ಏನಾದ್ರೂ ಹೇಳ್ಕೋತೀನಿ. ನೀನು ಬೇಜಾರು ಮಾಡ್ಕೋಬೇಡ," ಅಂದ.

"ಇರು, ಪೂರ್ತಿ ಕೇಳು. ಅದಕ್ಕೆ ಕುಲ ಇರಲಿಲ್ಲ. ಹೊಸ ಕುಲ ನಾನು ಮಾಡ್ತಿದ್ದೀನಿ. ಕುಲಕ್ಕೆ ನಿನ್ನ ಹೆಸರು. ಮುಂದೆ ಆ ಥರದ್ದು ಯಾರಿಗೆ ಎಲ್ಲಿ ಸಿಕ್ಕಿದ್ರೂ, ಮೊದಲು ನಿನ್ನ ಹೆಸರು ಹೇಳಿ ಆಮೇಲೆ ಅದರ ಹೆಸರು ಹೇಳಬೇಕು."

ಆ ಕಡೆ ದೋಣಿಗೆ ನೀರು ಬಡಿಯುತ್ತಿತ್ತು.

"ಆ ಕುಲದಲ್ಲಿ ಈಗ ಎಷ್ಟು ಜನ ಇದ್ದಾರೆ?" ಕೇಳಿದ ಐನಾರ್.

"ಒಂದೇ ಅಪ್ಪ. ಆಸ್ಗರ್‌ದು ಒಂದೇ."

"ಒಂದೇ ಆದ್ರೆ ಬೇಜಾರಾಗುತ್ತೆ ಅದಕ್ಕೆ," ಅಂದ ಅವನು. "ಇನ್ನೊಂದನ್ನ ಹುಡುಕು. ಯಾವಾಗ ಬರ್ತೀಯ ಹೇಳು, ದೋಣಿ ತೆಗೀತೀನಿ."